ಮರ್ಯಾದೆ ಹಕ್ಕು, ಮನ್ನಣೆ ಗಳಿಕೆ: ಕಂಪ್ಯೂಟರ್ ಕಂಪನಿಗೆ ಹೋಗುವ ನಮ್ಮ ಹೆಣ್ಣುಮಕ್ಕಳಿಗೆ ಒಂದು ಪಾಠ



ನಮ್ಮ ಕೇಶ್ವಾಪುರದ ಓಣಿಗಳಲ್ಲಿ ಕಂಪ್ಯೂಟರ್ ಕಲಿತ ಹೆಣ್ಣುಮಗಳು ಈಗ ಹೊಸ ಸುದ್ದಿಯಲ್ಲ. ರೈಲ್ವೆಯಲ್ಲಿ ದುಡಿದವರ ಮಗಳು, ಹೊಲಿಗೆ ಮಾಡಿ ಮನೆ ನಡೆಸುವ ತಾಯಿಯ ಮಗಳು, ಸಂಘದ ಸಾಲದಿಂದ ಫೀ ಕಟ್ಟಿ ಓದಿದ ಮಗಳು, ಇಂಜಿನಿಯರಿಂಗ್, ಬಿ.ಸಿ.ಎ., ಡಿಪ್ಲೊಮಾ ಮುಗಿಸಿ ಬೆಂಗಳೂರಿಗೋ ಪುಣೆಗೋ ಹೋಗುತ್ತಾಳೆ. ಕೆಲವರಿಗೆ ಹುಬ್ಬಳ್ಳಿಯಲ್ಲೇ ಕೆಲಸ ಸಿಗುತ್ತದೆ. ಆರ್ಡರ್ ಬಂದ ದಿನ ಮನೆಯವರೆಲ್ಲ ಪೇಢಾ ಹಂಚುತ್ತಾರೆ. ಆದರೆ ವರ್ಷ ಎರಡು ವರ್ಷ ಕಳೆದ ಮೇಲೆ ಫೋನಿನಲ್ಲಿ ಒಂದು ಮಾತು ಬರುತ್ತದೆ: "ಅವ್ವಾ, ಕೆಲಸ ಬರ್ತೈತಿ, ಪಗಾರಾನೂ ಬರ್ತೈತಿ. ಆದ್ರ ಅಲ್ಲಿ ನನ್ನ ಮಾತಿಗೆ ಕಿಮ್ಮತ್ತಿಲ್ಲ."

ಪಗಾರ ಎಷ್ಟು ಅಂತ ಕೇಳುವವರು ಬಹಳ. ಕಿಮ್ಮತ್ತು ಎಷ್ಟು ಅಂತ ಕೇಳುವವರು ಕಡಿಮೆ. ಹೀಗಾಗಿ ಒಳ್ಳೆಯ ಕೆಲಸಗಾರ್ತಿಯೊಬ್ಬಳು ಯಾರಿಗೂ ಹೇಳದೆ ಕೆಲಸ ಬಿಟ್ಟು ಬಂದರೆ, "ಮದುವಿ ವಯಸ್ಸಾತು, ಬಿಡಲಿ ಬಿಡು" ಅಂದು ಸುಮ್ಮನಾಗುತ್ತೇವೆ. ಅವಳ ಓದು, ನಮ್ಮ ಸಾಲ, ಅವಳ ಆಸೆ ಮೂರೂ ಅಲ್ಲಿಗೆ ನಿಲ್ಲುತ್ತವೆ. ಆದ್ದರಿಂದ ಈ ತಿಂಗಳ ಪಾಠ ಈ ಕಿಮ್ಮತ್ತಿನ ಬಗ್ಗೆ. ಮಗಳು ಓದಲಿ, ತಾಯಿಯೂ ಓದಲಿ, ಮನೆಯ ಗಂಡಸರಿಗೂ ಓದಿ ಹೇಳಿರಿ.

1. ಮೊದಲು ಎರಡು ಶಬ್ದ ಬಿಡಿಸಿ ತಿಳಿಯೋಣ

"ಗೌರವ" ಎನ್ನುವ ಒಂದೇ ಶಬ್ದದಲ್ಲಿ ಎರಡು ಬೇರೆ ಸಂಗತಿಗಳು ಕೂಡಿಕೊಂಡಿವೆ.

ಒಂದು, ಮರ್ಯಾದೆ. ಇದು ಮನುಷ್ಯಳಾಗಿ ಹುಟ್ಟಿದ ಕಾರಣಕ್ಕೆ ಸಲ್ಲುವಂಥದ್ದು. ಕೆಲಸಕ್ಕೆ ಸೇರಿದ ಮೊದಲ ದಿನವೂ ಸಲ್ಲಬೇಕು, ಕೆಲಸ ಇನ್ನೂ ಬಾರದವಳಿಗೂ ಸಲ್ಲಬೇಕು. ಹೆಸರು ಹಿಡಿದು ಸರಿಯಾಗಿ ಕರೆಯುವುದು, ಮೈ ಮೇಲೆ ಮಾತು ಹಾಕದಿರುವುದು, ಅವಳು ಮಾತಾಡುವಾಗ ಕೇಳುವುದು, ಸಮಾನ ಕೆಲಸಕ್ಕೆ ಸಮಾನ ಸಂಬಳ ಕೊಡುವುದು ಮರ್ಯಾದೆ. ಇದನ್ನು ಯಾರೂ ಗಳಿಸಬೇಕಾಗಿಲ್ಲ. ಇದು ಹಕ್ಕು.

ಎರಡನೆಯದು, ಮನ್ನಣೆ. "ಈ ಕೆಲಸ ಆಕೀಗೆ ಕೊಡ್ರಿ, ಆಕಿ ಮಾಡ್ತಾಳ" ಎಂದು ಜೊತೆಯವರು ಹೇಳುವುದು ಮನ್ನಣೆ. ಇದು ಒಂದೇ ದಿನಕ್ಕೆ ಬರುವುದಿಲ್ಲ. ಕೆಲಸದಿಂದ, ಕಾಲದಿಂದ, ನಂಬಿಕೆಯಿಂದ ಬರುತ್ತದೆ. ಇದು ಗಳಿಕೆ.

ನಮ್ಮ ಹೆಣ್ಣುಮಕ್ಕಳು ಸಂಕಟಪಡುವುದು ಈ ಎರಡನ್ನು ಒಂದೇ ಎಂದುಕೊಂಡಾಗ. ಯಾರಾದರೂ ಅಪಮಾನ ಮಾಡಿದರೆ "ನಾನಿನ್ನೂ ಕೆಲಸ ಸರಿಯಾಗಿ ಕಲಿತಿಲ್ಲ, ಅದಕ್ಕ ಅಂದ್ರು" ಎಂದು ನುಂಗಿಕೊಳ್ಳುತ್ತಾರೆ. ಅದು ತಪ್ಪು. ಕೆಲಸ ಬಾರದಿದ್ದರೆ ಕಲಿಸಬೇಕು, ಅಪಮಾನ ಮಾಡಬಾರದು. ಇನ್ನು ಕೆಲವೊಮ್ಮೆ ಕೆಲಸದ ತಪ್ಪನ್ನು ತೋರಿಸಿದರೆ "ಹೆಣ್ಣು ಅಂತ ನನಗ ಹಿಂಗ ಮಾಡಿದ್ರು" ಎಂದು ನೊಂದುಕೊಳ್ಳುತ್ತಾರೆ. ಅದೂ ಯಾವಾಗಲೂ ಸರಿಯಲ್ಲ. ಮರ್ಯಾದೆ ಕಡಿಮೆಯಾದಾಗ ಕೇಳಬೇಕು, ಮನ್ನಣೆ ಕಡಿಮೆಯಾದಾಗ ದುಡಿಯಬೇಕು. ಯಾವುದು ಯಾವುದೆಂದು ಗುರುತಿಸುವುದೇ ಈ ಪಾಠದ ಅರ್ಧ ಭಾಗ.

2. ನಮ್ಮೂರಿನ ಕಾಲೇಜಿನ ಒಂದು ಉದಾಹರಣೆ

ದೂರದ ಉದಾಹರಣೆ ಬೇಕಿಲ್ಲ. ಹುಬ್ಬಳ್ಳಿಯ ವಿದ್ಯಾನಗರದಲ್ಲಿ 1947ರಲ್ಲಿ ಆರಂಭವಾದ ಬಿ.ವಿ. ಭೂಮರಡ್ಡಿ ಇಂಜಿನಿಯರಿಂಗ್ ಕಾಲೇಜು ನಮಗೆಲ್ಲ ಗೊತ್ತು. 2015ರಿಂದ ಅದು ಕೆ.ಎಲ್.ಇ. ತಾಂತ್ರಿಕ ವಿಶ್ವವಿದ್ಯಾಲಯವಾಗಿದೆ. 1968ರಲ್ಲಿ ಅಲ್ಲಿಗೆ ಒಬ್ಬಳೇ ಹುಡುಗಿ ಸೇರಿದಳು. 1950ರಲ್ಲಿ ಶಿಗ್ಗಾವಿಯಲ್ಲಿ ಹುಟ್ಟಿದ, ವೈದ್ಯರೊಬ್ಬರ ಮಗಳು. ಅವರೇ ಇಂದಿನ ಸುಧಾ ಮೂರ್ತಿ.

ಅಂಕ ಇದ್ದವು, ಸೀಟು ಸಿಕ್ಕಿತು. ಆದರೆ ಪ್ರಾಂಶುಪಾಲರು ಮೂರು ಷರತ್ತು ಹಾಕಿದರು ಎಂದು ಅವರೇ ಬರೆದಿದ್ದಾರೆ: ಸೀರೆ ಉಟ್ಟು ಬರಬೇಕು, ಕ್ಯಾಂಟೀನಿಗೆ ಹೋಗಬಾರದು, ಹುಡುಗರ ಜೊತೆ ಮಾತಾಡಬಾರದು. ಕಾಲೇಜಿನಲ್ಲಿ ಹೆಣ್ಣುಮಕ್ಕಳಿಗೆ ಶೌಚಾಲಯವೇ ಇರಲಿಲ್ಲ. ಮಧ್ಯಾಹ್ನ ಮನೆಗೆ ನಡೆದು ಹೋಗಿ ಬರಬೇಕಾಗಿತ್ತು. ಗಣಿತ ಬಿಡಿಸುವ ಬುದ್ಧಿ ಇದ್ದ ಹುಡುಗಿ ದಿನವೂ ಇದನ್ನೂ ಲೆಕ್ಕ ಹಾಕಬೇಕಾಯಿತು. ಹುಡುಗರ ಕೀಟಲೆಯೂ ಇತ್ತು. ಅವರು ಓದು ಬಿಡಲಿಲ್ಲ, ಚಿನ್ನದ ಪದಕ ಪಡೆದು ಹೊರಬಂದರು. ಅದೇ ಹುಡುಗರಲ್ಲಿ ಹಲವರು ಮುಂದೆ ಸ್ನೇಹಿತರಾದರು. ಶೌಚಾಲಯವಿಲ್ಲದ ಆ ಕಷ್ಟವನ್ನೂ ಅವರು ಮರೆಯಲಿಲ್ಲ. ಮುಂದೆ ಇನ್ಫೋಸಿಸ್ ಪ್ರತಿಷ್ಠಾನದ ಮೂಲಕ ಕರ್ನಾಟಕದಲ್ಲಿ ಸಾವಿರಾರು ಶೌಚಾಲಯ ಕಟ್ಟಿಸಿದರು.

ಮುಂದಿನ ಘಟನೆ 1974ರದ್ದು. ಆಗ ಅವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕಂಪ್ಯೂಟರ್ ವಿಜ್ಞಾನದಲ್ಲಿ ಎಂ.ಇ. ಓದುತ್ತಿದ್ದರು. ಪುಣೆಯ ಟೆಲ್ಕೊ, ಅಂದರೆ ಈಗಿನ ಟಾಟಾ ಮೋಟರ್ಸ್, ಇಂಜಿನಿಯರುಗಳು ಬೇಕೆಂದು ಹಚ್ಚಿದ ಜಾಹೀರಾತು ಕಣ್ಣಿಗೆ ಬಿತ್ತು. ಕೊನೆಗೆ ಒಂದು ಸಾಲು: ಹೆಣ್ಣುಮಕ್ಕಳು ಅರ್ಜಿ ಹಾಕುವುದು ಬೇಡ.

ಇಲ್ಲಿ ನಿಂತು ವಿಚಾರ ಮಾಡೋಣ. ಈ ಸಾಲಿನ ಮುಂದೆ ಚಿನ್ನದ ಪದಕದ ಬೆಲೆ ಎಷ್ಟು? ಏನೂ ಇಲ್ಲ. ಪರೀಕ್ಷೆಗೆ ಕೂರಲಿಕ್ಕೇ ಬಿಡದಿದ್ದರೆ ಜಾಣತನ ತೋರಿಸುವುದೆಲ್ಲಿ? ಅಂದರೆ ಮರ್ಯಾದೆಯ ಬಾಗಿಲು ಮುಚ್ಚಿದಲ್ಲಿ ಮನ್ನಣೆ ಗಳಿಸಲಿಕ್ಕೆ ದಾರಿಯೇ ಇಲ್ಲ. "ಸುಮ್ಮನ ಚಲೋ ಕೆಲಸ ಮಾಡು, ಗೌರವ ತಾನ ಬರ್ತೈತಿ" ಎನ್ನುವ ಹಿರಿಯರ ಮಾತು ಅರ್ಧ ಮಾತ್ರ ನಿಜ.

ಸುಧಾ ಅವರು ಜೆ.ಆರ್.ಡಿ. ಟಾಟಾ ಅವರಿಗೇ ಒಂದು ಪೋಸ್ಟ್ ಕಾರ್ಡ್ ಬರೆದರು. ಇಷ್ಟು ದೊಡ್ಡ ಸಂಸ್ಥೆ ಗಂಡು ಹೆಣ್ಣು ಎಂದು ಭೇದ ಮಾಡುವುದು ಸರಿಯೇ ಎಂದು ಕೇಳಿದರು. ಕೆಲವೇ ದಿನಗಳಲ್ಲಿ ಸಂದರ್ಶನಕ್ಕೆ ಕರೆ ಬಂತು, ಹೋಗಿ ಬರುವ ಖರ್ಚು ಕಂಪನಿಯದ್ದೇ. ಅಲ್ಲಿ ತಾಂತ್ರಿಕ ಪ್ರಶ್ನೆಗಳಿಗೆಲ್ಲ ಉತ್ತರ ಕೊಟ್ಟರು. ಕಾರ್ಖಾನೆಯಲ್ಲಿ ಇದುವರೆಗೆ ಹೆಂಗಸರನ್ನು ತೆಗೆದುಕೊಂಡಿಲ್ಲ ಎಂದಾಗ, ಎಲ್ಲೋ ಒಂದು ಕಡೆ ಶುರು ಆಗಬೇಕಲ್ಲ ಎಂಬ ಅರ್ಥದ ಉತ್ತರ ಕೊಟ್ಟರು. ಟೆಲ್ಕೊದ ಮೊದಲ ಮಹಿಳಾ ಇಂಜಿನಿಯರ್ ಆದರು.

ಈ ಘಟನೆಯಲ್ಲಿ ಮೂರು ಸಂಗತಿ ಕೂಡಿವೆ, ಮೂರನ್ನೂ ಬೆರಳು ಮಡಚಿ ನೆನಪಿಡಿರಿ. ಒಂದು, ಕೆಲಸದ ಜ್ಞಾನ ಗಟ್ಟಿ ಇತ್ತು. ಎರಡು, ತಪ್ಪನ್ನು ತಪ್ಪೆಂದು ಸೌಜನ್ಯದಿಂದ, ಬರವಣಿಗೆಯಲ್ಲಿ, ಸರಿಯಾದ ವ್ಯಕ್ತಿಗೆ ಹೇಳಿದರು. ಮೂರು, ಆ ಕಡೆ ಕೇಳುವ ಒಬ್ಬ ಮನುಷ್ಯ ಇದ್ದ. ಈ ಮೂರರಲ್ಲಿ ಒಂದು ಇಲ್ಲದಿದ್ದರೂ ಆ ಕಾರ್ಡು ಕಸದ ಬುಟ್ಟಿಗೆ ಹೋಗುತ್ತಿತ್ತು. ಕೆಲಸ, ಮಾತು, ಜೊತೆ. ಒಂದೊಂದಾಗಿ ನೋಡೋಣ.

3. ಕೆಲಸ: ಕೈಯಲ್ಲಿ ಗಟ್ಟಿ ಇರಲಿ, ಹೆಸರೂ ಇರಲಿ

ಕೆಲಸ ಕಲಿಯುವುದಕ್ಕೆ ಪರ್ಯಾಯವಿಲ್ಲ. ಇದಕ್ಕೆ ಕರ್ನಾಟಕದ ಮತ್ತೊಬ್ಬ ಹೆಣ್ಣುಮಗಳನ್ನು ನೆನೆಯಬೇಕು. ಕರ್ನಾಟಕದ ಮೊದಲ ಮಹಿಳಾ ಇಂಜಿನಿಯರ್ ಎಂದು ಹೆಸರಾದ ರಾಜೇಶ್ವರಿ ಚಟರ್ಜಿ ಹುಟ್ಟಿದ್ದು 1922ರಲ್ಲಿ. ಅವರ ಅಜ್ಜಿ ಕಮಲಮ್ಮ ದಾಸಪ್ಪ ಹಳೆಯ ಮೈಸೂರು ರಾಜ್ಯದ ಮೊದಲ ಪದವೀಧರೆಯರಲ್ಲಿ ಒಬ್ಬರು. ರಾಜೇಶ್ವರಿ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಗಣಿತ ಓದಿದರು, ಅಮೆರಿಕದ ಮಿಶಿಗನ್ ವಿಶ್ವವಿದ್ಯಾಲಯಕ್ಕೆ ಹೋಗಿ ಡಾಕ್ಟರೇಟ್ ಪಡೆದು 1953ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಗೆ ಅಧ್ಯಾಪಕಿಯಾಗಿ ಮರಳಿದರು. ರಡಾರ್, ವಿಮಾನಗಳಿಗೆ ಬೇಕಾದ ಮೈಕ್ರೋವೇವ್ ಮತ್ತು ಆಂಟೆನಾ ವಿಷಯದಲ್ಲಿ ಸಂಶೋಧನೆ ಮಾಡಿದರು, ಪುಸ್ತಕ ಬರೆದರು, ಶಿಷ್ಯರನ್ನು ಬೆಳೆಸಿದರು. 1982ರಲ್ಲಿ ನಿವೃತ್ತರಾದ ಮೇಲೆ ಮಹಿಳಾ ಅಧ್ಯಯನದ ಕೆಲಸದಲ್ಲಿ ತೊಡಗಿದರು, 2010ರಲ್ಲಿ ತೀರಿಕೊಂಡರು. ಸುಮಾರು 30 ವರ್ಷ ಒಂದೇ ವಿಷಯವನ್ನು ಹಿಡಿದು ಆಳಕ್ಕೆ ಇಳಿದಿದ್ದೇ ಅವರ ಮನ್ನಣೆಯ ಗುಟ್ಟು.

ನಮ್ಮ ಮಗಳಿಗೆ ಇದರ ಅರ್ಥ ಏನು? ಕಂಪನಿಯಲ್ಲಿ ಎಲ್ಲದರಲ್ಲೂ ಸ್ವಲ್ಪ ಸ್ವಲ್ಪ ಗೊತ್ತಿದ್ದರೆ ಸಾಲದು. ಯಾವುದಾದರೂ ಒಂದು ವಿಷಯದಲ್ಲಿ, ಡೇಟಾಬೇಸ್ ಇರಲಿ, ಟೆಸ್ಟಿಂಗ್ ಇರಲಿ, ನೆಟ್‌ವರ್ಕ್ ಇರಲಿ, "ಇದನ್ನ ಆಕೀಗೆ ಕೇಳ್ರಿ" ಅನ್ನುವಷ್ಟು ಕಲಿಯಬೇಕು. ತಿಳಿಯದಿದ್ದಾಗ ಕೇಳಲಿಕ್ಕೆ ನಾಚಬಾರದು. ಆದರೆ ಕೇಳುವ ಮೊದಲು ತಾನು ಏನೇನು ಪ್ರಯತ್ನ ಮಾಡಿದೆ ಎಂದು ಹೇಳಿ ಕೇಳಬೇಕು. ಹಾಗೆ ಕೇಳುವವಳನ್ನು ಯಾರೂ ದಡ್ಡಿ ಅನ್ನುವುದಿಲ್ಲ.

ಕೆಲಸ ಮಾಡಿದರೆ ಸಾಲದು, ಕೆಲಸದ ಮೇಲೆ ಹೆಸರೂ ಉಳಿಯಬೇಕು. 1946ರಲ್ಲಿ ಅಮೆರಿಕದ ಫಿಲಡೆಲ್ಫಿಯಾದಲ್ಲಿ ಎನಿಯಾಕ್ ಎಂಬ ದೊಡ್ಡ ವಿದ್ಯುನ್ಮಾನ ಕಂಪ್ಯೂಟರನ್ನು ಲೋಕಕ್ಕೆ ತೋರಿಸಿದರು. ಅದಕ್ಕೆ ಪ್ರೋಗ್ರಾಂ ಬರೆದವರು ಆರು ಮಂದಿ ಹೆಣ್ಣುಮಕ್ಕಳು. ಪ್ರದರ್ಶನದ ದಿನ ನಡೆದ ಲೆಕ್ಕವೂ ಅವರ ಕೈಯದ್ದೇ. ಆದರೆ ಆ ರಾತ್ರಿಯ ಸಂತೋಷಕೂಟಕ್ಕೆ ಅವರನ್ನು ಕರೆಯಲಿಲ್ಲ, ಪತ್ರಿಕೆಗಳಲ್ಲಿ ಅವರ ಹೆಸರು ಬರಲಿಲ್ಲ. ಅವರಿಗೆ ಸರಿಯಾದ ಸನ್ಮಾನ ಸಿಕ್ಕಿದ್ದು 1997ರಲ್ಲಿ, ಅಂದರೆ 50 ವರ್ಷದ ಮೇಲೆ. ಅಷ್ಟರಲ್ಲಿ ಕಂಪ್ಯೂಟರ್ ಗಂಡಸರ ವಿದ್ಯೆ ಎಂದು ಲೋಕವೇ ನಂಬಿಬಿಟ್ಟಿತ್ತು.

ಹಾಗಾಗದಿರಲು ನಮ್ಮ ಹೆಣ್ಣುಮಕ್ಕಳು ಈ ನಾಲ್ಕು ರೂಢಿ ಬೆಳೆಸಿಕೊಳ್ಳಬೇಕು:

- ವಾರಕ್ಕೊಮ್ಮೆ, ಮಾಡಿದ ಕೆಲಸವನ್ನು ಐದು ಸಾಲಿನಲ್ಲಿ ಬರೆದು ಮೇಲಿನವರಿಗೆ ಇ-ಮೇಲ್ ಮಾಡುವುದು. ಇದು ಜಂಬವಲ್ಲ, ಲೆಕ್ಕ. ಸಂಘದಲ್ಲಿ ನಾವು ಪುಸ್ತಕ ಬರೆಯುವುದಿಲ್ಲವೇ? ಹಾಗೆಯೇ.
- ಒಂದು ನೋಟ್‌ಬುಕ್ಕಿನಲ್ಲಿ ತಾರೀಖು ಹಾಕಿ, ಬಿಡಿಸಿದ ಸಮಸ್ಯೆ, ಬಂದ ಮೆಚ್ಚುಗೆ ಬರೆದಿಡುವುದು. ವರ್ಷದ ಕೊನೆಗೆ ಬಡ್ತಿಯ ಮಾತು ಬಂದಾಗ ನೆನಪು ಕೈಕೊಡುತ್ತದೆ, ಬರಹ ಕೈಕೊಡುವುದಿಲ್ಲ.
- ತಾನು ಮಾಡಿದ ಕೆಲಸವನ್ನು ಸಾಧ್ಯವಾದಷ್ಟು ತಾನೇ ಎದ್ದು ವಿವರಿಸುವುದು. "ನೀ ಮಾಡೀ, ನಾ ಹೇಳ್ತೇನಿ" ಎಂದು ಬೇರೆಯವರು ಪ್ರತಿ ಸಲ ಮುಂದೆ ಬಂದರೆ, "ಈ ಸಲ ನಾನ ಹೇಳ್ತೇನ್ರಿ" ಅನ್ನುವುದು.
- ಜೊತೆಯವರ ಕೆಲಸವನ್ನು ಹೆಸರು ಹಿಡಿದು ಹೊಗಳುವುದು. ಬೇರೆಯವರ ಹೆಸರು ಹೇಳುವವಳ ಹೆಸರನ್ನು ಬೇರೆಯವರೂ ಹೇಳುತ್ತಾರೆ.

4. ಮಾತು: ಮೆತ್ತಗೆ, ಆದರೆ ಸ್ಪಷ್ಟವಾಗಿ

ಕನ್ನಡ ಮಾಧ್ಯಮದಲ್ಲಿ ಓದಿದ ಮಕ್ಕಳಿಗೆ ಮೀಟಿಂಗಿನಲ್ಲಿ ಇಂಗ್ಲಿಷ್ ಅಂದರೆ ಗಂಟಲು ಒಣಗುತ್ತದೆ. ಭಾಷೆ ತಪ್ಪಾದೀತು ಎಂದು ಬಾಯಿ ಮುಚ್ಚಿದರೆ, ಬುದ್ಧಿಯೇ ಇಲ್ಲ ಎಂದು ತಿಳಿಯುತ್ತಾರೆ. ಉಪಾಯ ಸರಳ. ಮೀಟಿಂಗಿನ ಮೊದಲು ಹೇಳಬೇಕಾದ ಮೂರೇ ವಾಕ್ಯ ಬರೆದುಕೊಳ್ಳಿರಿ. ಮೊದಲ ಹತ್ತು ನಿಮಿಷದಲ್ಲೇ ಒಂದನ್ನು ಹೇಳಿಬಿಡಿರಿ. ಒಮ್ಮೆ ದನಿ ಹೊರಬಿದ್ದರೆ ಎರಡನೆಯ ಸಲ ಹೆದರಿಕೆ ಅರ್ಧ ಆಗುತ್ತದೆ.

ಕೆಲವು ಸಣ್ಣ ಸನ್ನಿವೇಶ ನೋಡೋಣ.

ಮಾತಿನ ನಡುವೆ ಬಾಯಿ ಹಾಕಿದರೆ: "ಒಂದು ನಿಮಿಷ, ನನ್ನ ಮಾತು ಮುಗಿಸಿಬಿಡ್ತೇನೆ." ಇಷ್ಟೇ ಸಾಕು. ಸಿಟ್ಟೂ ಬೇಡ, ಕ್ಷಮೆಯೂ ಬೇಡ.

ನೀವು ಹೇಳಿದ ವಿಚಾರವನ್ನೇ ಇನ್ನೊಬ್ಬರು ಹೇಳಿ ಶಹಬ್ಬಾಸ್ ಅನ್ನಿಸಿಕೊಂಡರೆ: "ನಾನು ಆಗಲೇ ಹೇಳಿದ್ದನ್ನು ಅವರೂ ಒಪ್ಪಿದ್ದು ಖುಷಿ. ಅದನ್ನು ಮುಂದೆ ಹೀಗೆ ಮಾಡಬಹುದು." ಹೆಸರು ನಿಮಗೆ ಮರಳುತ್ತದೆ, ಜಗಳವೂ ಆಗುವುದಿಲ್ಲ.

ಮೀಟಿಂಗಿನ ಟಿಪ್ಪಣಿ ಬರೆಯುವುದು, ಹುಟ್ಟುಹಬ್ಬದ ಕೇಕು ತರಿಸುವುದು ಪ್ರತಿ ಸಲ ನಿಮ್ಮ ಪಾಲಿಗೇ ಬಂದರೆ: "ಹೋದ ಸಲ ನಾನು ಮಾಡಿದ್ದೆ, ಈ ಸಲ ಬೇರೆಯವರು ಮಾಡಲಿ, ಪಾಳಿ ಹಚ್ಚೋಣ." ಪಾಳಿ ಅಂದ ಮೇಲೆ ಯಾರೂ ಇಲ್ಲ ಅನ್ನಲಾರರು.

ನಿಮ್ಮ ಕೆಲಸದಲ್ಲಿ ತಪ್ಪು ತೋರಿಸಿದರೆ: "ಎಲ್ಲಿ ತಪ್ಪಾಗಿದೆ, ತೋರಿಸಿರಿ" ಎಂದು ಕೇಳಿ ತಿದ್ದಿರಿ. ಕೋಡಿನ ಮೇಲಿನ ಟೀಕೆ ನಿಮ್ಮ ಮೇಲಿನ ಟೀಕೆ ಅಲ್ಲ. ಆದರೆ "ಹೆಣ್ಣುಮಕ್ಕಳ ಕೆಲಸ ಇಷ್ಟ" ಎಂದರೆ ಅದು ಕೆಲಸದ ಮಾತಲ್ಲ, ಮರ್ಯಾದೆಯ ಮಾತು. ಆಗ ಸುಮ್ಮನಿರಬಾರದು. "ಕೆಲಸದ ಬಗ್ಗೆ ಹೇಳ್ರಿ, ಹೆಣ್ಣು ಗಂಡು ಮಾತು ಬ್ಯಾಡ" ಎಂದು ಅಲ್ಲೇ ಹೇಳಬೇಕು. ಮತ್ತೆ ಮತ್ತೆ ಆದರೆ ತಾರೀಖು, ಮಾತು, ಇದ್ದವರ ಹೆಸರು ಬರೆದಿಟ್ಟು ಮೇಲಿನವರಿಗೆ ಲಿಖಿತವಾಗಿ ತಿಳಿಸಬೇಕು. 1974ರ ಆ ಪೋಸ್ಟ್ ಕಾರ್ಡ್ ನೆನಪಿರಲಿ. ಅದರಲ್ಲಿ ಬೈಗುಳ ಇರಲಿಲ್ಲ, ಅಳುವೂ ಇರಲಿಲ್ಲ. ಒಂದು ಪ್ರಶ್ನೆ ಇತ್ತು.

5. ಜೊತೆ: ಒಬ್ಬಂಟಿಯಾಗಿ ಉಳಿಯಬಾರದು

ಸ್ವ-ಸಹಾಯ ಸಂಘದ ತಾಯಂದಿರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಬ್ಯಾಂಕಿಗೆ ಒಬ್ಬಳೇ ಹೋದಾಗ ಸಿಗದ ಕುರ್ಚಿ, ಹತ್ತು ಮಂದಿ ಕೂಡಿ ಹೋದಾಗ ಸಿಕ್ಕಿತು. ಕಂಪನಿಯಲ್ಲೂ ಹಾಗೆಯೇ. ಸೇರಿದ ಮೊದಲ ತಿಂಗಳಲ್ಲೇ ಇಬ್ಬರನ್ನು ಹುಡುಕಿಕೊಳ್ಳಬೇಕು: ಕೆಲಸ ಕಲಿಸುವ ಒಬ್ಬ ಹಿರಿಯರು, ಮನಸ್ಸಿನ ಮಾತು ಹೇಳಿಕೊಳ್ಳುವ ಒಬ್ಬ ಗೆಳತಿ. ಹಿರಿಯರು ಹೆಣ್ಣೇ ಆಗಬೇಕೆಂದಿಲ್ಲ. ಹೆಣ್ಣುಮಕ್ಕಳನ್ನು ಬೆಳೆಸಿದ ಒಳ್ಳೆಯ ಗಂಡಸರು ಬಹಳ ಇದ್ದಾರೆ.

ಮುಂದೆ ಹೋದ ಒಬ್ಬಳು ಹಿಂದಿನವರಿಗೆ ದಾರಿ. ಬೆಂಗಳೂರಿನ ಟಿ.ಕೆ. ಅನುರಾಧಾ 1982ರಲ್ಲಿ ಇಸ್ರೋ ಸೇರಿದರು, ಇಸ್ರೋದಲ್ಲಿ ಉಪಗ್ರಹವೊಂದರ ಯೋಜನಾ ನಿರ್ದೇಶಕಿಯಾದ ಮೊದಲ ಮಹಿಳೆ ಎನಿಸಿದರು. 2011ರಲ್ಲಿ ಹಾರಿದ ಜಿಸ್ಯಾಟ್-12 ಅವರ ಮುಂದಾಳತ್ವದ್ದು. ಒಬ್ಬ ಹೆಣ್ಣುಮಗಳು ಅಂಥ ಜಾಗದಲ್ಲಿ ಕುಳಿತರೆ, ಕೆಳಗಿನ ನೂರು ಹುಡುಗಿಯರಿಗೆ "ಇದು ಆಗುವ ಮಾತು" ಎಂದು ತಾನಾಗಿ ತಿಳಿಯುತ್ತದೆ.

ಇನ್ನೊಂದು ಮಾತು. ಗೌರವ ಬೇಕೆನ್ನುವವಳು ಗೌರವ ಕೊಡಲೂಬೇಕು. ಕಸ ಗುಡಿಸುವ ಅಕ್ಕ, ಗೇಟಿನ ಕಾವಲುಗಾರ, ಕ್ಯಾಬ್ ಓಡಿಸುವ ಅಣ್ಣ, ಹೊಸದಾಗಿ ಸೇರಿದ ಹುಡುಗಿ, ಇವರ ಜೊತೆ ನಾವು ಹೇಗೆ ಮಾತಾಡುತ್ತೇವೆ? ಅವರ ಮರ್ಯಾದೆಯೂ ಹಕ್ಕೇ.

6. ಮಿತಿ ಮೀರಿದರೆ: ಕಾನೂನು ತಿಳಿದಿರಲಿ

ಮೆತ್ತಗಿನ ಮಾತಿನಿಂದ ಆಗದ ಸಂಗತಿಗಳೂ ಇವೆ. ಮೈ ಮುಟ್ಟುವುದು, ಅಶ್ಲೀಲ ಮಾತು, ಅಶ್ಲೀಲ ಚಿತ್ರ ತೋರಿಸುವುದು ಅಥವಾ ಮೊಬೈಲಿಗೆ ಕಳಿಸುವುದು, "ನನ್ನ ಮಾತು ಕೇಳಿದರೆ ಬಡ್ತಿ" ಎನ್ನುವುದು, ಇವು ಲೈಂಗಿಕ ಕಿರುಕುಳ. ರಾಜಸ್ಥಾನದ ಪ್ರಕರಣವೊಂದರ ಹಿನ್ನೆಲೆಯಲ್ಲಿ ಸುಪ್ರೀಂ ಕೋರ್ಟ್ 1997ರಲ್ಲಿ ವಿಶಾಖಾ ತೀರ್ಪು ಕೊಟ್ಟಿತು, 2013ರಲ್ಲಿ ಸಂಸತ್ತು ಕಾನೂನನ್ನೇ ಮಾಡಿತು. ಅದರ ಮುಖ್ಯ ಅಂಶಗಳು:

- 10 ಅಥವಾ ಹೆಚ್ಚು ಜನ ಕೆಲಸ ಮಾಡುವ ಪ್ರತಿ ಕಡೆ ಆಂತರಿಕ ಸಮಿತಿ ಇರಬೇಕು. ಹಿರಿಯ ಮಹಿಳೆಯೇ ಅದರ ಅಧ್ಯಕ್ಷೆ. ಕನಿಷ್ಠ ಅರ್ಧ ಸದಸ್ಯರು ಮಹಿಳೆಯರು. ಹೊರಗಿನ ಒಬ್ಬರು ಇರಲೇಬೇಕು.
- ಘಟನೆ ನಡೆದ 3 ತಿಂಗಳೊಳಗೆ ಲಿಖಿತ ದೂರು ಕೊಡಬೇಕು. ತಕ್ಕ ಕಾರಣವಿದ್ದರೆ ಸಮಿತಿ ಇನ್ನೂ 3 ತಿಂಗಳು ಕೊಡಬಹುದು. ಬರೆಯಲು ಬಾರದಿದ್ದರೆ ಸಮಿತಿಯವರೇ ನೆರವಾಗಬೇಕು.
- ವಿಚಾರಣೆ 90 ದಿನದೊಳಗೆ ಮುಗಿಯಬೇಕು. ಹೆಸರು ಗುಟ್ಟಾಗಿರಬೇಕು. ವಿಚಾರಣೆ ನಡೆಯುವಾಗ ಬೇರೆ ವಿಭಾಗಕ್ಕೆ ವರ್ಗ ಅಥವಾ ರಜೆ ಕೇಳಬಹುದು.
- 10ಕ್ಕಿಂತ ಕಡಿಮೆ ಜನರಿರುವ ಕಡೆ, ಅಥವಾ ಮಾಲೀಕನ ಮೇಲೆಯೇ ದೂರು ಇದ್ದರೆ, ಜಿಲ್ಲೆಯ ಸ್ಥಳೀಯ ಸಮಿತಿಗೆ ಹೋಗಬಹುದು. ಮನೆಗೆಲಸ ಮಾಡುವ ತಾಯಂದಿರಿಗೂ ಈ ಕಾನೂನು ಅನ್ವಯ.

ಮೆಸೇಜು, ಇ-ಮೇಲು ಅಳಿಸಬಾರದು, ಅವೇ ಸಾಕ್ಷಿ. ತುರ್ತು ಇದ್ದರೆ 112, ಮಹಿಳಾ ಸಹಾಯವಾಣಿ 181.

ಹೆರಿಗೆಯ ವಿಷಯವೂ ಇಲ್ಲಿಯೇ ಬರಲಿ. 2017ರ ತಿದ್ದುಪಡಿಯಿಂದ ಮೊದಲ ಎರಡು ಮಕ್ಕಳಿಗೆ 26 ವಾರ ಸಂಬಳ ಸಹಿತ ರಜೆ ಬಂತು, 50 ಅಥವಾ ಹೆಚ್ಚು ಜನರಿರುವ ಕಡೆ ಶಿಶುಪಾಲನಾ ಕೇಂದ್ರದ ನಿಯಮವೂ ಬಂತು. 2025ರ ನವೆಂಬರಿನಲ್ಲಿ ಜಾರಿಗೆ ಬಂದ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಇವು ಉಳಿದಿವೆ. ಈ ರಜೆ ಕಂಪನಿಯ ಉಪಕಾರವಲ್ಲ. ಕೇಳಲಿಕ್ಕೆ ತಲೆ ತಗ್ಗಿಸಬೇಕಾಗಿಲ್ಲ.

7. ಮನೆಯವರಿಗೆ ನಾಲ್ಕು ಮಾತು

ಆಫೀಸಿನಲ್ಲಿ ಮಗಳ ಬೆನ್ನು ನೆಟ್ಟಗಿರಬೇಕಾದರೆ ಮನೆಯಲ್ಲಿ ಅದನ್ನು ಬಗ್ಗಿಸಬಾರದು. ಇಬ್ಬರೂ ದುಡಿದು ಬಂದಾಗ ಮಗನಿಗೆ ಚಹಾ, ಮಗಳಿಗೆ ಪಾತ್ರೆ, ಇದು ಯಾವ ನ್ಯಾಯ? ರಾತ್ರಿ ಪಾಳಿ ಇದ್ದರೆ ಅನುಮಾನದ ಪ್ರಶ್ನೆ ಬೇಡ. ಕ್ಯಾಬ್ ಯಾವುದು, ಮನೆ ಬಾಗಿಲವರೆಗೆ ಬಿಡುತ್ತಾರೋ ಇಲ್ಲವೋ ಎಂದು ಕೇಳಿರಿ. ಸಂಬಂಧ ನೋಡುವಾಗ "ಮದುವಿ ಆದಮ್ಯಾಲೆ ಕೆಲಸ ಬಿಡ್ತಾಳ" ಎಂದು ಅವಳ ಪರವಾಗಿ ನೀವೇ ಮಾತು ಕೊಡಬೇಡಿರಿ. "ಕಿಮ್ಮತ್ತಿಲ್ಲ" ಎಂದು ಮಗಳು ಫೋನ್ ಮಾಡಿದರೆ "ಹೊಂದಿಕೊಂಡು ಹೋಗು" ಎಂದು ಇಟ್ಟುಬಿಡಬೇಡಿರಿ. ಕೂತು ಕೇಳಿರಿ: ಇದು ಮರ್ಯಾದೆಯ ಮಾತೋ, ಮನ್ನಣೆಯ ಮಾತೋ? ಮನ್ನಣೆಯದಾದರೆ ಧೈರ್ಯ ಹೇಳಿರಿ, ಕಲಿಯಲಿ. ಮರ್ಯಾದೆಯದಾದರೆ ಬೆನ್ನಿಗೆ ನಿಲ್ಲಿರಿ. ಎಲ್ಲ ಮಾಡಿಯೂ ಅಲ್ಲಿ ನ್ಯಾಯ ಸಿಗದಿದ್ದರೆ, ಬೇರೆ ಕೆಲಸ ಹುಡುಕುವುದು ಸೋಲಲ್ಲ. ಆ ಕಂಪನಿ ಬಿಡಲಿ, ವಿದ್ಯೆ ಬಿಡುವುದು ಬೇಡ.

ಸಂಘದ ಸಭೆಯಲ್ಲಿ ಚರ್ಚಿಸಲು

1. ನಮ್ಮ ಓಣಿಯಲ್ಲಿ ತಾಂತ್ರಿಕ ಕೆಲಸ ಬಿಟ್ಟು ಬಂದ ಹೆಣ್ಣುಮಕ್ಕಳು ಇದ್ದಾರೆಯೇ? ನಿಜವಾದ ಕಾರಣವನ್ನು ನಾವು ಯಾರಾದರೂ ಕೇಳಿದ್ದೇವೆಯೇ?
2. ನಮ್ಮ ಮನೆಯಲ್ಲಿ ಮಗ, ಮಗಳು ಇಬ್ಬರ ಕೆಲಸಕ್ಕೂ ಒಂದೇ ಬೆಲೆ ಇದೆಯೇ? ಒಂದು ದಿನದ ಕೆಲಸ ಬರೆದು ಹೋಲಿಸಿರಿ.
3. ನಾವು ಕೆಲಸ ಮಾಡುವ ಕಡೆ ಆಂತರಿಕ ಸಮಿತಿ ಇದೆಯೇ? ಅದರ ಸದಸ್ಯರ ಹೆಸರು ಗೋಡೆಗೆ ಹಚ್ಚಿದ್ದಾರೆಯೇ?

ಈ ತಿಂಗಳು ಮಾಡಬೇಕಾದ ಕೆಲಸ

ಈಗಾಗಲೇ ಕೆಲಸದಲ್ಲಿರುವ ಒಬ್ಬ ಹೆಣ್ಣುಮಗಳನ್ನು, ಕಾಲೇಜಿನ ಕೊನೆಯ ವರ್ಷದಲ್ಲಿರುವ ಇಬ್ಬರ ಜೊತೆ ಭೇಟಿ ಮಾಡಿಸಿರಿ. ಒಂದು ತಾಸು ಸಾಕು. ಸಂದರ್ಶನ ಹೇಗಿರುತ್ತದೆ, ಮೊದಲ ತಿಂಗಳು ಏನೇನಾಗುತ್ತದೆ, ಯಾವ ಮಾತಿಗೆ ಏನು ಉತ್ತರ ಕೊಡಬೇಕು ಎಂದು ಅವಳು ಹೇಳಲಿ, ಇವರು ಕೇಳಲಿ. ಮುಂದೆ ಕೆಲಸಕ್ಕೆ ಹೋದಾಗ ಫೋನ್ ಮಾಡಿ ಕೇಳಲು ಒಂದು ನಂಬರು ಅವರ ಹತ್ತಿರ ಇರಲಿ.